ಹಳೇ ನಮೂನಿ ಪಾಯಿಂಟ್-ಕ್ಲಿಕ್ ಅಡ್ವೆಂಚರ್ ಗೇಮ್ ಈಗಲೂ ತಯಾರಾಗ್ತಾವೇನ್ರಿ?

ಟಿಳಕವಾಡಿ_ಓದುಗ (ಬೆಳಗಾವಿ)

ಮೌಸ್‌ಲೆ ಒಂದೊಂದ ಸಾಮಾನು ಒತ್ತಿ ನೋಡೋದು, ಬೇಕಾದ್ದು ಎತ್ತಿ ಚೀಲಕ್ಕ ಹಾಕೋದು, ಮಂದಿ ಕೂಡ ಮಾತಾಡಿ ಸುಳಿವು ಹಿಡಿಯೋದು, ಆಮ್ಯಾಲೆ ಎಲ್ಲಾ ಜೋಡಿಸಿ ಒಗಟು ಬಿಡಿಸೋದು. ಮಂಕಿ ಐಲ್ಯಾಂಡ್, ಕಿಂಗ್ಸ್ ಕ್ವೆಸ್ಟ್, ಬ್ರೋಕನ್ ಸೋರ್ಡ್ ಸಾಲಿನ ಗೇಮ್ ಬಗ್ಗೆ ಕೇಳಾಕತ್ತೀನಿ. ಗುಂಡು ಹಾರಿಸೋದು, ಓಡೋದು, ಗಡಿಯಾರ ನೋಡಿ ಅವಸರ ಮಾಡೋದು ಯಾವುದೂ ಬ್ಯಾಡ.

ಇಂಥಾವು ಈಗ ಹೊಸದಾಗಿ ಬರ್ತಾವೋ, ಇಲ್ಲಾ ಹಳೇವನ್ನ ಬಣ್ಣ ಬಳದು ಮತ್ತ ಮಾರ್ತಾರೋ? ಲ್ಯಾಪ್‌ಟಾಪ್ ಸಾದಾ ಐತಿ: 4 ಜಿಬಿ ರ‍್ಯಾಮ್, ವಿಂಡೋಸ್ 10, ಪರದೆ 1366×768, ಬ್ಯಾರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಆಂಡ್ರಾಯ್ಡ್ ಫೋನ್ ಮ್ಯಾಲೆ ಆಡೂವಂಥಾವು ಇದ್ರೂ ಹೇಳ್ರಿ. ಇಂಗ್ಲಿಷ್ ಅಷ್ಟಾಗಿ ಬರದ ಮಕ್ಕಳಿಗೆ ಯಾವುದು ಕೊಡಬಹುದು ಅನ್ನೋದೂ ಬೇಕಾಗೇತಿ.

ಗುಮ್ಮಟ_ಸುತ್ತು (ವಿಜಯಪುರ)

ತಯಾರಾಗ್ತಾವ್ರಿ. ಪ್ರತಿ ವರ್ಷ ಹೊಸವು ಬರ್ತಾವ, ಅದರಾಗ ಕೆಲವು 1990ರ ದಶಕದ ಒಳ್ಳೆಯವುಗಳ ಸರಿಸಮ ನಿಲ್ಲುವಂಥವು. ದೊಡ್ಡ ಕಂಪನಿಗಳು ಕೈಬಿಟ್ಟಿದ್ದರಿಂದ ಅಂಗಡಿಯ ಮುಖಪುಟದಲ್ಲಿ ಕಾಣುವುದಿಲ್ಲ, ಅಷ್ಟೇ. ಈಗ ಇವನ್ನು ಮಾಡುವವರು ಒಬ್ಬರು, ಇಬ್ಬರು, ಹೆಚ್ಚೆಂದರೆ ಹತ್ತಿಪ್ಪತ್ತು ಜನರ ತಂಡಗಳು.

ನಿಂತುಹೋದವು ಅನ್ನುವ ಭಾವನೆ ಬಂದದ್ದಕ್ಕೆ ಕಾರಣ ಉಂಟು. ಮಂಕಿ ಐಲ್ಯಾಂಡ್ ಮಾಡಿದ ಲ್ಯೂಕಾಸ್‌ಆರ್ಟ್ಸ್ ಕಂಪನಿ 2000ದಲ್ಲಿ ಅದರ ನಾಲ್ಕನೆಯ ಭಾಗ ಬಿಟ್ಟ ಮೇಲೆ, 2003ರಲ್ಲಿ ಫುಲ್ ಥ್ರಾಟಲ್‌ನ ಮುಂದಿನ ಭಾಗವನ್ನೂ 2004ರಲ್ಲಿ ಸ್ಯಾಮ್ ಅಂಡ್ ಮ್ಯಾಕ್ಸ್‌ನ ಮುಂದಿನ ಭಾಗವನ್ನೂ ಅರ್ಧಕ್ಕೇ ನಿಲ್ಲಿಸಿತು. ಕಿಂಗ್ಸ್ ಕ್ವೆಸ್ಟ್ ಮಾಡಿದ ಸಿಯೆರಾ ಕಂಪನಿ ಅದಕ್ಕೂ ಮೊದಲೇ ಆ ದಾರಿ ಬಿಟ್ಟಿತ್ತು. ಆದರೆ ಅದೇ ಹೊತ್ತಿಗೆ ಅಡ್ವೆಂಚರ್ ಗೇಮ್ ಸ್ಟುಡಿಯೋ ಅನ್ನುವ ಉಚಿತ ತಂತ್ರಾಂಶ (ಎಲ್ಲರೂ ಎಜಿಎಸ್ ಅಂತಾರೆ) ಹವ್ಯಾಸಿಗಳ ಕೈಯಲ್ಲಿತ್ತು. ಅದರಲ್ಲೇ ಪಳಗಿದ ಡೇವ್ ಗಿಲ್ಬರ್ಟ್ 2006ರಲ್ಲಿ ವಾಜೆಟ್ ಐ ಗೇಮ್ಸ್ ಸಂಸ್ಥೆ ಶುರು ಮಾಡಿದರು. 2012ರಲ್ಲಿ ಟಿಮ್ ಶೇಫರ್ ಅವರ ಡಬಲ್ ಫೈನ್ ಸಂಸ್ಥೆ, ಜನರಿಂದ ಹಣ ಕೂಡಿಸುವ ತಾಣವಾದ ಕಿಕ್‌ಸ್ಟಾರ್ಟರ್‌ನಲ್ಲಿ 4 ಲಕ್ಷ ಡಾಲರ್ ಕೇಳಿ 33 ಲಕ್ಷ ಡಾಲರಿಗಿಂತ ಹೆಚ್ಚು ಪಡೆದದ್ದು ದೊಡ್ಡ ತಿರುವು. ಕೊಳ್ಳುವ ಜನ ಇದ್ದಾರೆ ಅನ್ನುವುದು ಅಲ್ಲಿ ರೊಕ್ಕದ ರೂಪದಲ್ಲಿ ಸಾಬೀತಾಯಿತು. ಆ ಹಣದಿಂದ ಬಂದದ್ದೇ ಬ್ರೋಕನ್ ಏಜ್ (2014ರಲ್ಲಿ ಮೊದಲ ಭಾಗ, 2015ರಲ್ಲಿ ಎರಡನೆಯದು).

ನೀವು ಹೇಳಿದ ರುಚಿಗೆ ತಕ್ಕಂತೆ ಹೀಗೆ ಆಡಿ. ಮೊದಲು ಥಿಂಬಲ್‌ವೀಡ್ ಪಾರ್ಕ್, 2017. ಮಂಕಿ ಐಲ್ಯಾಂಡ್ ಕಟ್ಟಿದ ರಾನ್ ಗಿಲ್ಬರ್ಟ್ ಮತ್ತು ಅವರೊಡನೆ ಮೇನಿಯಾಕ್ ಮ್ಯಾನ್ಷನ್ ಮಾಡಿದ ಗ್ಯಾರಿ ವಿನಿಕ್ ಇಬ್ಬರ ಕೆಲಸ. ಪರದೆಯ ಕೆಳಗೆ ತೆರೆ, ಮುಚ್ಚು, ಎತ್ತು, ಕೊಡು ಅನ್ನುವ ಕ್ರಿಯಾಪದಗಳ ಫಲಕ ಹಳೆಯ ಹಾಗೇ ಇದೆ. ಶುರುವಿನಲ್ಲಿ ಸುಲಭ, ಕಠಿಣ ಅಂತ ಎರಡು ದಾರಿ ಕೇಳುತ್ತದೆ; ಈ ಬಗೆಯ ಗೇಮ್ ಆಡಿ ರೂಢಿ ಇದ್ದವರು ಕಠಿಣವನ್ನೇ ಆರಿಸಿ, ಸುಲಭದಲ್ಲಿ ಒಳ್ಳೆಯ ಒಗಟುಗಳೇ ಹಾರಿಹೋಗುತ್ತವೆ. ನಿಮ್ಮ ಲ್ಯಾಪ್‌ಟಾಪಿಗೆ ಭಾರವಲ್ಲ, ಆಂಡ್ರಾಯ್ಡ್‌ಗೂ ಇದೆ.

ಆಮೇಲೆ ವಾಜೆಟ್ ಐ ಪ್ರಕಟಿಸಿದವು: ಪ್ರೈಮೋರ್ಡಿಯಾ (2012), ಅನ್‌ಅವೌಡ್ (2018), ದಿ ಎಕ್ಸ್‌ಕವೇಶನ್ ಆಫ್ ಹಾಬ್ಸ್ ಬ್ಯಾರೋ (2022), ಓಲ್ಡ್ ಸ್ಕೈಸ್ (2025). ಇವುಗಳಲ್ಲಿ ಒಂದನ್ನೇ ಆರಿಸಬೇಕೆಂದರೆ ನನ್ನ ಮತ ಹಾಬ್ಸ್ ಬ್ಯಾರೋಗೆ. ಹಳ್ಳಿಯೊಂದರ ಮಣ್ಣಿನ ದಿಬ್ಬ ಅಗೆಯಲು ಬಂದ ಹೆಣ್ಣುಮಗಳ ಕಥೆ. ಒಗಟುಗಳು ಊರ ಮಂದಿಯ ಸ್ವಭಾವದಿಂದಲೇ ಹುಟ್ಟುತ್ತವೆ, ಮೇಲಿಂದ ತಂದು ಅಂಟಿಸಿದ ಹಾಗೆ ಕಾಣುವುದಿಲ್ಲ.

ಕೀಲಿಮಣೆಯಲ್ಲಿ ಆಜ್ಞೆ ಟೈಪ್ ಮಾಡುವ ಇನ್ನೂ ಹಳೆಯ ಕಾಲ ಬೇಕಿದ್ದರೆ ದಿ ಕ್ರಿಮ್ಸನ್ ಡೈಮಂಡ್ ನೋಡಿ. 2024ರಲ್ಲಿ ಬಂದದ್ದು, ಆದರೆ ಚಿತ್ರವೆಲ್ಲ ಹಳೆಯ ಕಂಪ್ಯೂಟರುಗಳ 16 ಬಣ್ಣದ ಇಜಿಎ ಶೈಲಿ, 1914ರ ಕೆನಡಾದ ಕಥೆ. ಚಿತ್ರ ಬರೆದದ್ದು, ಕೋಡ್ ಬರೆದದ್ದು ಬಹುಮಟ್ಟಿಗೆ ಒಬ್ಬರೇ, ಜೂಲಿಯಾ ಮಿನಮಾಟಾ. ವೇಗದ ನಿರೂಪಣೆ ಬೇಕಿದ್ದರೆ 2025ರ ದಿ ಡ್ರಿಫ್ಟರ್.

ಮಕ್ಕಳಿಗೆ ಎರಡನೇ ಮಾತೇ ಇಲ್ಲ, ಮೆಷಿನೇರಿಯಮ್. ಚೆಕ್ ದೇಶದ ಅಮಾನಿಟಾ ಡಿಸೈನ್, 2009. ಇಡೀ ಕಥೆಯಲ್ಲಿ ಮಾತಿಲ್ಲ. ಪಾತ್ರಗಳು ಏನು ಹೇಳಬೇಕೋ ಅದು ತಲೆಯ ಮೇಲಿನ ಗುಳ್ಳೆಯೊಳಗೆ ಚಿತ್ರವಾಗಿ ಮೂಡುತ್ತದೆ. ಅದೇ ಸಂಸ್ಥೆಯ ಬೊಟಾನಿಕುಲಾ (2012) ಇನ್ನೂ ಮೆತ್ತಗಿದೆ, ಸಮೋರೋಸ್ಟ್ 3 (2016) ಸ್ವಲ್ಪ ಗಟ್ಟಿ. ಮೆಷಿನೇರಿಯಮ್‌ನ ನಡುನಡುವೆ ಬರುವ ಪುಟ್ಟ ಲೆಕ್ಕದ ಆಟಗಳು ಹತ್ತು ವರ್ಷದೊಳಗಿನವರಿಗೆ ಕಷ್ಟ, ಅಲ್ಲಿ ಪಕ್ಕದಲ್ಲಿ ಕೂತು ನೆರವಾಗಬೇಕು.

ಹಳೆಯದರ ಮರುರೂಪದ ಬಗ್ಗೆಯೂ ಒಂದು ಮಾತು. ಡೇ ಆಫ್ ದಿ ಟೆಂಟಕಲ್ (1993ರದು, 2016ರಲ್ಲಿ ಮತ್ತೆ), ಗ್ರಿಮ್ ಫ್ಯಾಂಡ್ಯಾಂಗೋ (1998ರದು, 2015ರಲ್ಲಿ ಮತ್ತೆ) ಇವೆರಡೂ ಗೌರವದಿಂದ ಮಾಡಿದ ಕೆಲಸ, ಒಂದು ಗುಂಡಿ ಒತ್ತಿದರೆ ಮೂಲ ಚಿತ್ರಕ್ಕೆ ಹೋಗಬಹುದು. 2024ರ ರಿವೆನ್ ಮಾತ್ರ ನಿಮ್ಮ ಯಂತ್ರದ ಮೇಲೆ ಓಡುವುದಿಲ್ಲ, ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ರಿಟರ್ನ್ ಟು ಮಂಕಿ ಐಲ್ಯಾಂಡ್ (2022) ಕೂಡ 4 ಜಿಬಿಯಲ್ಲಿ ಎಳೆದಾಡೀತು. ಅದನ್ನು ಫೋನ್ ಮೇಲೆ ಆಡುವುದು ಮೇಲು.

ಕೊಳ್ಳುವಾಗ ಒಂದು ಉಪಾಯ. ಗೇಮ್ ಮಾರುವ ತಾಣ ಸ್ಟೀಮ್‌ನಲ್ಲಿ ಯುಪಿಐ ನಡೆಯುತ್ತದೆ. ಕೊಂಡ 14 ದಿನದೊಳಗೆ, ಒಟ್ಟು 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಹಾಗಾಗಿ ಡೌನ್‌ಲೋಡ್ ಆದ ಕೂಡಲೇ ಮೊದಲ ಅರ್ಧ ಗಂಟೆಯಲ್ಲಿ ಪೂರ್ಣ ಪರದೆ, ಧ್ವನಿ, ಸೇವ್ ಮೂರನ್ನೂ ಪರೀಕ್ಷಿಸಿ. ಗೇಮ್ ತೆರೆದಿಟ್ಟು ಊಟಕ್ಕೆ ಎದ್ದುಹೋದರೆ ಆ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ.

ನವನಗರ_ಪಿಕ್ಸೆಲ್ (ಬಾಗಲಕೋಟೆ)

ಮೇಲಿನ ಪಟ್ಟಿ ಒಪ್ಪಿದೆ. ಆದರೆ ಹಳೆಯ ಶೈಲಿ ಅಂದಕೂಡಲೇ ಹಳೆಯ ರೋಗಗಳೂ ಬಂದವೇ ಅಂತ ಕೇಳಬೇಕಾಗುತ್ತದೆ. ಬಹುಪಾಲು ಬಂದಿಲ್ಲ. ಇದನ್ನು ತಿಳಿದಿದ್ದರೆ ಅರ್ಧಕ್ಕೇ ಬಿಟ್ಟುಹೋಗುವ ಪ್ರಸಂಗ ತಪ್ಪುತ್ತದೆ.

ಮೊದಲನೆಯ ರೋಗ, ದಾರಿ ಮುಚ್ಚಿಹೋಗುವುದು. 1990ರ ಐದನೆಯ ಕಿಂಗ್ಸ್ ಕ್ವೆಸ್ಟ್‌ನಲ್ಲಿ ಒಂದು ಕಡುಬು ಸಿಗುತ್ತದೆ. ಹಸಿವಾದಾಗ ಅದನ್ನು ತಿಂದರೆ ಗೇಮ್ ಏನೂ ಹೇಳುವುದಿಲ್ಲ, ಮುಂದೆ ಹೋಗಲೂ ಬಿಡುತ್ತದೆ. ಆಮೇಲೆ ಹಿಮಮಾನವ ಎದುರಾಗುತ್ತಾನೆ, ಅವನ ಮುಖಕ್ಕೆ ಎಸೆಯಬೇಕಾದದ್ದು ಅದೇ ಕಡುಬು. ಹಳೆಯ ಸೇವ್ ಇಲ್ಲದಿದ್ದರೆ ಮೊದಲಿಂದ ಶುರು. ಅದೇ ವರ್ಷ ಬಂದ ಮೊದಲ ಮಂಕಿ ಐಲ್ಯಾಂಡ್ ಈ ಪದ್ಧತಿಯನ್ನೇ ಮುರಿಯಿತು. ಈಗಿನವರು ಹೆಚ್ಚಾಗಿ ಆ ದಾರಿಯನ್ನೇ ಹಿಡಿದಿದ್ದಾರೆ. ಬೇಕಾದ ವಸ್ತು ಕಳೆದುಹೋಗುವಂತೆ ಬಿಡುವುದಿಲ್ಲ. ಹಳೆಯ ಸಿಯೆರಾ ಗೇಮ್ ಆಡುವುದಿದ್ದರೆ ಮಾತ್ರ ಒಂದೇ ಸೇವ್ ಮೇಲೆ ಸೇವ್ ಬರೆಯಬೇಡಿ. ಪ್ರತಿ ಹೊಸ ಜಾಗಕ್ಕೂ ಒಂದು ಹೊಸ ಸೇವ್, ಹೆಸರಲ್ಲಿ ಜಾಗ ಮತ್ತು ಕೈಯಲ್ಲಿರುವ ಮುಖ್ಯ ವಸ್ತು.

ಎರಡನೆಯದು, ತರ್ಕವೇ ಇಲ್ಲದ ಒಗಟು. 1999ರ ಗೇಬ್ರಿಯಲ್ ನೈಟ್ 3ರ ಮೀಸೆ ಒಗಟು ಇದಕ್ಕೆ ಕುಖ್ಯಾತ. ಬೈಕ್ ಬಾಡಿಗೆಗೆ ಪಡೆಯಲು ಗೆಳೆಯನ ವೇಷ ಹಾಕಬೇಕು. ಗುಡಿಸಲ ಬಾಗಿಲಿನ ಕಂಡಿಗೆ ಟೇಪ್ ಅಂಟಿಸಿ, ಬೆಕ್ಕನ್ನು ಅದರೊಳಗಿಂದ ಓಡಿಸಿ, ಅಂಟಿದ ರೋಮವನ್ನು ಪಾಕದಿಂದ ಮೂತಿಗೆ ಹಚ್ಚಿಕೊಂಡು ಮೀಸೆ ಮಾಡಿಕೊಳ್ಳಬೇಕು. ಆ ಗೆಳೆಯನಿಗೆ ಮೀಸೆಯೇ ಇಲ್ಲ! ಹಾಗಾಗಿ ಅವನ ಪಾಸ್‌ಪೋರ್ಟ್ ಚಿತ್ರಕ್ಕೂ ಪೆನ್ನಿನಿಂದ ಮೀಸೆ ಬರೆಯಬೇಕು. ಇಲ್ಲಿ ತಪ್ಪು ಕಷ್ಟದ್ದಲ್ಲ. ಆಟಗಾರ ಊಹಿಸಬಹುದಾದ ಕಾರಣ ಎಲ್ಲೂ ಇಲ್ಲದಿರುವುದೇ ತಪ್ಪು.

ಈಗ ಸಿಕ್ಕಿಹಾಕಿಕೊಂಡರೆ ನೇರವಾಗಿ ಪೂರ್ಣ ಉತ್ತರದ ವಿಡಿಯೋ ನೋಡಬೇಡಿ, ಒಂದು ಉತ್ತರ ಹುಡುಕುವಷ್ಟರಲ್ಲಿ ಮುಂದಿನ ಮೂರು ಕಣ್ಣಿಗೆ ಬೀಳುತ್ತವೆ. ಥಿಂಬಲ್‌ವೀಡ್ ಪಾರ್ಕ್‌ನಲ್ಲಿ ದೂರವಾಣಿ ಎತ್ತಿ ಸುಳಿವಿನ ಸಾಲಿಗೆ ಕರೆ ಮಾಡಬಹುದು. ರಿಟರ್ನ್ ಟು ಮಂಕಿ ಐಲ್ಯಾಂಡ್‌ನಲ್ಲಿ ಸುಳಿವಿನ ಪುಸ್ತಕ ಚೀಲದಲ್ಲೇ ಇರುತ್ತದೆ, ಒಂದು ಪ್ರಶ್ನೆಗೆ ಮೆಲ್ಲನೆಯ ಸುಳಿವಿನಿಂದ ಹಿಡಿದು ನೇರ ಉತ್ತರದ ತನಕ ಒಂದೊಂದೇ ಮೆಟ್ಟಿಲು ಬಿಚ್ಚುತ್ತದೆ. ಹಳೆಯವಕ್ಕೆ ಯುಎಚ್ಎಸ್ ಅನ್ನುವ ಸುಳಿವು ತಾಣ ಇದೇ ರೀತಿ ಕೆಲಸ ಮಾಡುತ್ತದೆ.

ಇನ್ನೊಂದು ಮಾತು. ಚೀಲ ಹೊತ್ತು ತಿರುಗುವ ಆಟವಲ್ಲದಿದ್ದರೂ ನಡೆದೀತು ಅನ್ನುವುದಾದರೆ ರಿಟರ್ನ್ ಆಫ್ ದಿ ಓಬ್ರಾ ಡಿನ್ (2018), ದಿ ಕೇಸ್ ಆಫ್ ದಿ ಗೋಲ್ಡನ್ ಐಡಲ್ (2022) ಇವನ್ನು ಬಿಡಬೇಡಿ. ನೋಡಿ, ಯೋಚಿಸಿ, ಹೆಸರು ತುಂಬುವ ಆಟ. ಹಳೆಯ ಅಡ್ವೆಂಚರ್‌ನ ಬುದ್ಧಿ ಈ ಹತ್ತು ವರ್ಷದಲ್ಲಿ ಎಲ್ಲಿ ಬೆಳೆಯಿತು ಅಂದರೆ ಇಲ್ಲೇ ಅನ್ನುವುದು ನನ್ನ ಅಭಿಪ್ರಾಯ. ಓಬ್ರಾ ಡಿನ್‌ಗೆ ಮಾತ್ರ ಇಂಗ್ಲಿಷ್ ಉಚ್ಚಾರದ ಸೂಕ್ಷ್ಮ ಗೊತ್ತಿರಬೇಕು.

ಶಹಾಪುರ_ಗಲ್ಲಿ (ಬೆಳಗಾವಿ)

ಹಳೇವನ್ನ ಪುಕ್ಕಟೆ, ಕಾನೂನಿನ ಪ್ರಕಾರನ ಆಡೋ ದಾರಿ ಯಾರೂ ಹೇಳಿಲ್ಲ, ಅದನ್ನ ಬರೀತೀನಿ. ಸ್ಕಮ್‌ವಿಎಂ ಅಂತ ತಂತ್ರಾಂಶ ಐತಿ, 2001ರಿಂದ ನಡದೈತಿ. ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಎಲ್ಲಾದರ ಮ್ಯಾಲೂ ಓಡ್ತೈತಿ. ಇದು ಗೇಮ್ ಅಲ್ಲ, ಗೇಮ್ ಓಡಿಸೋ ಯಂತ್ರ. ಗೇಮಿನ ಕಡತ ಬ್ಯಾರೆ ತರಬೇಕು. ಅದರ ತಾಣದಾಗ ಹಕ್ಕುದಾರರು ಉಚಿತ ಬಿಟ್ಟಿರೋ ಗೇಮ್ ಅದಾವ: 1994ರ ಬಿನೀತ್ ಎ ಸ್ಟೀಲ್ ಸ್ಕೈ, ಫ್ಲೈಟ್ ಆಫ್ ದಿ ಅಮೆಜಾನ್ ಕ್ವೀನ್, ಲೂರ್ ಆಫ್ ದಿ ಟೆಂಪ್ಟ್ರೆಸ್, ಡ್ರಾಸ್ಕುಲಾ. ಸ್ಟೀಲ್ ಸ್ಕೈಲಿಂದ ಶುರು ಮಾಡ್ರಿ. ಲೂರ್ ಕೊನೀಗೆ ಇಟ್ಕೊಳ್ರಿ, ಅದರಾಗ ಪಾತ್ರಗಳಿಗೆ ಆಜ್ಞಾ ಕೊಡೋ ಪದ್ಧತಿ ಭಾಳ ತ್ರಾಸ.

ಲ್ಯಾಪ್‌ಟಾಪಿನ್ಯಾಗ: ಜಿಪ್ ಕಡತ ಬಿಚ್ಚಿ ಒಂದು ಫೋಲ್ಡರಿನ್ಯಾಗ ಇಡ್ರಿ, ಒಂದು ಗೇಮಿಗೆ ಒಂದೇ ಫೋಲ್ಡರ್. ಸ್ಕಮ್‌ವಿಎಂ ತೆರದು ಆ್ಯಡ್ ಗೇಮ್ ಒತ್ತಿ ಆ ಫೋಲ್ಡರಿನ ಒಳಗ ಹೋಗಿ ಚೂಸ್ ಒತ್ತಬೇಕು. ಗೇಮ್ ಸಿಗಲಿಲ್ಲ ಅಂತ ಹೇಳ್ತಂದ್ರ ಬಹುತೇಕ ಎರಡ ಕಾರಣ. ಒಂದು, ಜಿಪ್ ಬಿಚ್ಚಿದಾಗ ಫೋಲ್ಡರಿನ ಒಳಗ ಇನ್ನೊಂದು ಫೋಲ್ಡರ್ ಆಗಿರತೈತಿ, ಒಳಗಿಂದನ್ನ ತೋರಿಸಬೇಕು. ಇನ್ನೊಂದು, ಜಿಪ್ ಬಿಚ್ಚೇ ಇರಂಗಿಲ್ಲ.

ಆಂಡ್ರಾಯ್ಡ್‌ನ್ಯಾಗ ಹೊಸ ಆವೃತ್ತಿಗಳು ಆ್ಯಪಿಗೆ ಎಲ್ಲಾ ಫೋಲ್ಡರ್ ನೋಡಾಕ ಬಿಡಂಗಿಲ್ಲ. ಕಡತ ತೋರಿಸೋ ಪಟ್ಟಿಯ ಮ್ಯಾಲಿನ ಮಟ್ಟಕ್ಕ ಹೋದ್ರ ಹೊಸ ಫೋಲ್ಡರ್ ಸೇರಿಸು ಅನ್ನೋ ಸಾಲು ಇರತೈತಿ. ಅದನ್ನ ಒತ್ತಿ ಗೇಮಿನ ಫೋಲ್ಡರಿಗೆ ಅನುಮತಿ ಕೊಡ್ರಿ. ಡೌನ್‌ಲೋಡ್ಸ್ ಫೋಲ್ಡರನ್ನ ನೇರ ಕೊಡಾಕ ಆಂಡ್ರಾಯ್ಡ್ ಒಪ್ಪಂಗಿಲ್ಲ, ಅದಕ್ಕ ಗೇಮ್ಸ್ ಅಂತ ಬ್ಯಾರೆ ಫೋಲ್ಡರ್ ಮಾಡಿ ಅಲ್ಲಿಗೆ ಸಾಗಸ್ರಿ. ಎರಡ ಬೆರಳಲೆ ಒಮ್ಮೆ ತಟ್ಟಿದ್ರ ಮೌಸಿನ ಬಲಗುಂಡಿ. ಬಾಣ ಬೆರಳಿನ ಕೆಳಗ ಬರದ ಬ್ಯಾರೆ ಕಡೆ ಓಡಾಡ್ತಿದ್ರ ಟಚ್‌ಪ್ಯಾಡ್ ಮೋಡ್ ಇರತೈತಿ. ಮ್ಯಾಲಿನ ಬಲಮೂಲ್ಯಾಗಿನ ಚಿತ್ರ ಒತ್ತಿ ನೇರ ಮೋಡಿಗೆ ಬದಲಿಸ್ರಿ. ಆದ್ರ ಸಣ್ಣ ವಸ್ತು ಹುಡುಕೋವಾಗ ಟಚ್‌ಪ್ಯಾಡ್ ಮೋಡೇ ಚಲೋ, ಬೆರಳು ಪರದೆ ಮುಚ್ಚಂಗಿಲ್ಲ.

2021ರ 2.5 ಆವೃತ್ತಿಯಿಂದ ಎಜಿಎಸ್‌ನ್ಯಾಗ ಮಾಡಿದ ಗೇಮ್‌ಗಳನ್ನೂ ಸ್ಕಮ್‌ವಿಎಂ ಓಡಸ್ತೈತಿ. ಅಂದ್ರ ಲ್ಯಾಪ್‌ಟಾಪಿಗೆ ಕೊಂಡ ಹಳೆಯ ವಾಜೆಟ್ ಐ ಗೇಮಿನ ಕಡತ ಫೋನಿಗೆ ಸಾಗಿಸಿ ಅಲ್ಲೂ ಆಡಬಹುದು.

ಇನ್ನು ವಿಂಡೋಸ್ 7 ಇರೋ ಹಳೇ ಕಂಪ್ಯೂಟರ್ ಇದ್ದವರು ಗಮನಿಸ್ರಿ: 2024ರ ಜನವರಿ 1ರಿಂದ ಸ್ಟೀಮ್ ಅದಕ್ಕ ಬೆಂಬಲ ನಿಲ್ಲಿಸೇತಿ. ಜಿಒಜಿ ಅನ್ನೋ ಇನ್ನೊಂದು ಗೇಮ್ ಅಂಗಡಿ ತಾಣದಿಂದ ಕೊಂಡ್ರ ಬ್ಯಾರೆ ತಂತ್ರಾಂಶ ಇಲ್ಲದ ಸ್ಥಾಪನೆ ಕಡತ ನೇರ ಇಳಿಸ್ಕೋಬಹುದು, ಪೆನ್‌ಡ್ರೈವಿನ್ಯಾಗ ಇಟ್ಕೊಂಡು ನೆಟ್ ಇಲ್ಲದ ಯಂತ್ರಕ್ಕೂ ಹಾಕಬಹುದು.

ಟಿಳಕವಾಡಿ_ಓದುಗ (ಬೆಳಗಾವಿ)

ಭಾಳ ಉಪಕಾರ ಆತು. ಸ್ಟೀಲ್ ಸ್ಕೈ ಓಡಾಕತ್ತೇತಿ. ಆದ್ರ ಮಂದಿ ಮಾರಿ ಎಲ್ಲಾ ಗಿಡ್ಡ ಅಗಲ ಕಾಣ್ತಾವ, ಒತ್ತಿ ಚಪ್ಪಟಿ ಮಾಡಿದಂಗ. ಇನ್ನ ಎಜಿಎಸ್‌ನ ಒಂದು ಗೇಮ್ ಪೂರ್ಣ ಪರದೆ ಮಾಡಿದ್ರ ಕಪ್ಪಾಗ್ತೈತಿ, ಧ್ವನಿ ಮಾತ್ರ ಕೇಳ್ತೈತಿ.

ಇನ್ನೊಂದು ಪ್ರಶ್ನೆ. ಈ ಗೇಮ್ ಯಾವುದರಾಗೂ ಕನ್ನಡ ಇಲ್ಲ. ನಮ್ಮ ಕಡೆಯ ಜಾಗ, ಗೋಳಗುಮ್ಮಟನೋ ಬಾದಾಮಿನೋ ಇಟ್ಕೊಂಡು ಸಾಲಿ ಮಕ್ಕಳಿಗೆ ಕನ್ನಡದಾಗ ಒಂದು ಸಣ್ಣ ಅಡ್ವೆಂಚರ್ ಮಾಡಬೇಕಂದ್ರ ಯಾವ ತಂತ್ರಾಂಶ ಹಿಡೀಬೇಕು? ಎಜಿಎಸ್ ಸಾಕಾಗ್ತೈತೇನು?

ಶಹಾಪುರ_ಗಲ್ಲಿ (ಬೆಳಗಾವಿ)

ಮಾರಿ ಚಪ್ಪಟಿ ಆಗೋದಕ್ಕ: ಆ ಕಾಲದ ಚಿತ್ರ 320×200, ಆದ್ರ ಅದನ್ನ ತೋರಿಸ್ತಿದ್ದದ್ದು 4:3 ಪರದೆ ಮ್ಯಾಲೆ. ಅಂದ್ರ ಒಂದೊಂದ ಚುಕ್ಕಿ ಅಗಲಕ್ಕಿಂತ 1.2 ಪಟ್ಟು ಎತ್ತರ ಇರ್ತಿತ್ತು. ಸ್ಕಮ್‌ವಿಎಂನ್ಯಾಗ ಗೇಮ್ ಆಯ್ಕಿ ಮಾಡಿ ಗೇಮ್ ಆಪ್ಶನ್ಸ್, ಗ್ರಾಫಿಕ್ಸ್ ಒಳಗ ಆಸ್ಪೆಕ್ಟ್ ರೇಶಿಯೋ ಕರೆಕ್ಷನ್ ಟಿಕ್ ಮಾಡ್ರಿ. 200 ಸಾಲು 240 ಆಗ್ತಾವ, ಮಾರಿ ಸರಿಹೋಗ್ತಾವ.

ಕಪ್ಪು ಪರದೆಗೆ: ಆ ಗೇಮಿನ ಫೋಲ್ಡರಿನ್ಯಾಗ ವಿನ್‌ಸೆಟಪ್ ಅಂತ ಕಡತ ಇರತೈತಿ. ಅದನ್ನ ತೆರದು ಗ್ರಾಫಿಕ್ಸ್ ಡ್ರೈವರ್ ಡೈರೆಕ್ಟ್‌3ಡಿ ಇದ್ದದ್ದನ್ನ ಓಪನ್‌ಜಿಎಲ್ ಮಾಡ್ರಿ. ಆಗಲಿಲ್ಲಂದ್ರ ಸಾಫ್ಟ್‌ವೇರ್ ಮಾಡ್ರಿ. ಇಷ್ಟು ಸಣ್ಣ ಚಿತ್ರಕ್ಕ ಸಾಫ್ಟ್‌ವೇರ್ ಕೂಡ ಬೇಕಾದಷ್ಟು ವೇಗ ಕೊಡ್ತೈತಿ.

ಇಳಕಲ್_ದಡಿ (ಬಾಗಲಕೋಟೆ ಜಿಲ್ಲೆ)

ಕನ್ನಡಕ್ಕೆ ಎಜಿಎಸ್ ಬೇಡ. ಇಂಗ್ಲಿಷಿಗೆ ಅದಕ್ಕಿಂತ ಸುಲಭದ ಸಾಧನ ಇಲ್ಲ, ಆದರೆ ನಮ್ಮ ಲಿಪಿಗೆ ಅದು ಸೋಲುತ್ತದೆ. 3.6 ಆವೃತ್ತಿಯಿಂದ ಯೂನಿಕೋಡ್ ಪಠ್ಯ ಒಪ್ಪುತ್ತದೆ ನಿಜ. ಕಡತದಲ್ಲಿ ಕನ್ನಡ ಬರೆಯಬಹುದು, ಅಕ್ಷರಗಳು ಪರದೆಗೆ ಬರುತ್ತವೆ. ಆದರೆ ಅಕ್ಷರಗಳನ್ನು ಕೂಡಿಸುವ ಕೆಲಸ ಅದು ಮಾಡುವುದಿಲ್ಲ. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯಬೇಕು, ಅರ್ಕಾವೊತ್ತು ಬಲಕ್ಕೆ ಸರಿಯಬೇಕು, ಗುಣಿತ ವ್ಯಂಜನದೊಡನೆ ಬೆರೆತು ಹೊಸ ಆಕಾರವಾಗಬೇಕು. ಇದನ್ನೆಲ್ಲ ಫಾಂಟಿನೊಳಗಿನ ನಿಯಮ ಓದಿ ಮಾಡುವ ತಂತ್ರಾಂಶದ ಹೆಸರು ಹಾರ್ಫ್‌ಬಝ್. ಅದಿಲ್ಲದ ಎಂಜಿನಿನಲ್ಲಿ "ಅಸ್ತ್ರ" ಬರೆದರೆ ಸ್, ತ್, ರ ಮೂರೂ ಅಕ್ಕಪಕ್ಕ ಬಿಡಿಬಿಡಿಯಾಗಿ ನಿಲ್ಲುತ್ತವೆ. "ಕಿ" ಕೂಡ ಕ ಪಕ್ಕದಲ್ಲಿ ಗುಡಿಸು ಬಿದ್ದಂತೆ ಕಾಣುತ್ತದೆ. ಮಕ್ಕಳು ಓದುವ ವಸ್ತುವಿನಲ್ಲಿ ಇದನ್ನು ಬಿಡಲಾಗದು. ಯೂನಿಟಿ ಅನ್ನುವ ಗೇಮ್ ಎಂಜಿನಿನಲ್ಲಿ ಅಕ್ಷರ ಮೂಡಿಸುವ ಟೆಕ್ಸ್ಟ್‌ಮೆಶ್ ಪ್ರೊದಲ್ಲೂ ಇದೇ ತೊಂದರೆ.

ಗೊಡೋ 4 ಅನ್ನುವ ಗೇಮ್ ಎಂಜಿನ್ ಹಿಡಿಯಿರಿ. 2023ರಲ್ಲಿ ಬಂದದ್ದು, ಉಚಿತ, ಹಾರ್ಫ್‌ಬಝ್ ಒಳಗೇ ಇದೆ. ಏನೂ ಸೆಟ್ ಮಾಡದೆ ಕನ್ನಡ ಸರಿಯಾಗಿ ಮೂಡುತ್ತದೆ, ಕನ್ನಡ ಫಾಂಟ್ ಒಂದನ್ನು ಜೊತೆಗೆ ಇಟ್ಟರೆ ಸಾಕು. ನೋಟೋ ಸ್ಯಾನ್ಸ್ ಕನ್ನಡ ಅಥವಾ ಬಾಲೂ ತಮ್ಮ 2, ಎರಡೂ ಮುಕ್ತ ಪರವಾನಗಿಯವು, ಗೇಮಿನೊಳಗೆ ಹಾಕಿ ಹಂಚಲು ಅಡ್ಡಿಯಿಲ್ಲ. ಫಾಂಟ್ ಜೊತೆಗೆ ಇಡದೆ ವಿಂಡೋಸಿನ ತುಂಗಾ ಮೇಲೆ ನಂಬಿಕೆ ಇಟ್ಟರೆ ಬೇರೆ ಯಂತ್ರದಲ್ಲಿ ಚೌಕಗಳು ಬರುತ್ತವೆ.

ಗೊಡೋ ಮೇಲೆ ಪೊಪೊಚಿಯು ಅನ್ನುವ ಉಚಿತ ಪ್ಲಗಿನ್ ಹಾಕಿ. ಕೋಣೆ, ಪಾತ್ರ, ಚೀಲದ ವಸ್ತು, ಸಂಭಾಷಣೆ ನಾಲ್ಕಕ್ಕೂ ಸಿದ್ಧ ಚೌಕಟ್ಟು ಕೊಡುತ್ತದೆ. ಪ್ಲಗಿನ್ನಿನ ಫೋಲ್ಡರನ್ನು ಯೋಜನೆಯ ಆ್ಯಡಾನ್ಸ್ ಒಳಗೆ ಇಟ್ಟು ಪ್ರಾಜೆಕ್ಟ್ ಸೆಟಿಂಗ್ಸ್‌ನ ಪ್ಲಗಿನ್ಸ್ ಪುಟದಲ್ಲಿ ಚಾಲೂ ಮಾಡಿ, ಒಮ್ಮೆ ಗೊಡೋ ಮುಚ್ಚಿ ತೆರೆಯಿರಿ. ಪರದೆಯ ಅಳತೆ, ಆಡುವ ಬಗೆ ಕೇಳುತ್ತದೆ. ಒಂಬತ್ತು ಕ್ರಿಯಾಪದದ ಫಲಕವೂ ಅದರಲ್ಲಿದೆ, ಆದರೆ ಮಕ್ಕಳಿಗೆ ಎಡಗುಂಡಿ ಮಾಡು, ಬಲಗುಂಡಿ ನೋಡು ಅನ್ನುವ ಸರಳ ಬಗೆ ಸಾಕು.

ಈಗ ಎಲ್ಲರೂ ಎಡವುವ ಜಾಗ. ಹಳೆಯ ನೋಟಕ್ಕೆಂದು 320×180 ಪರದೆ ಇಟ್ಟುಕೊಳ್ಳುತ್ತಾರೆ. ಇಂಗ್ಲಿಷಿಗೆ 8 ಚುಕ್ಕಿ ಎತ್ತರದ ಅಕ್ಷರ ಸಾಕು. ಕನ್ನಡಕ್ಕೆ ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು, ಮೂರೂ ಅಷ್ಟರಲ್ಲಿ ಹಿಡಿಸುವುದಿಲ್ಲ. "ಷ್ಟ್ರ" ಬಂದರೆ ಕೆಳಗೆ ಇನ್ನೂ ಒಂದು ಅಂತಸ್ತು. ಚಿತ್ರ ದಪ್ಪ ಚುಕ್ಕಿಯದಿರಲಿ, ಅಕ್ಷರ ಮಾತ್ರ ಪರದೆಯ ಪೂರ್ಣ ಸೂಕ್ಷ್ಮತೆಯಲ್ಲಿ ಇರಲಿ. ಡಿಸ್‌ಪ್ಲೇ ಸೆಟಿಂಗ್ಸ್‌ನಲ್ಲಿ ಸ್ಟ್ರೆಚ್ ಮೋಡ್ ವ್ಯೂಪೋರ್ಟ್ ಇದ್ದರೆ ಅಕ್ಷರವೂ ಚುಕ್ಕಿಚುಕ್ಕಿಯಾಗಿ ಒಡೆಯುತ್ತದೆ. ಅದನ್ನು ಕ್ಯಾನ್ವಾಸ್ ಐಟಮ್ಸ್ ಮಾಡಿ, ಚಿತ್ರಗಳ ಟೆಕ್ಸ್ಚರ್ ಫಿಲ್ಟರ್ ನಿಯರೆಸ್ಟ್ ಇಡಿ. ಸಾಲುಗಳ ನಡುವಿನ ಅಂತರ ಹೆಚ್ಚಿಸಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲಿ ಕಂಪ್ಯೂಟರುಗಳಲ್ಲೂ 1366×768 ಸಾಮಾನ್ಯ. 320×180ನ್ನು ಸರಿಯಾಗಿ 4 ಪಟ್ಟು ಮಾಡಿದರೆ 1280×720. ಎಡಬಲಕ್ಕೆ 43, ಮೇಲೆ ಕೆಳಗೆ 24 ಚುಕ್ಕಿ ಕಪ್ಪು ಅಂಚು ಉಳಿಯುತ್ತದೆ. ಅದನ್ನು ಉಳಿಯಲು ಬಿಡಿ. ಎಳೆದು ತುಂಬಿಸಿದರೆ ಕೆಲವು ಚುಕ್ಕಿ 4, ಕೆಲವು 5 ಆಗಿ ಚಿತ್ರ ನಡುಗುತ್ತದೆ.

ಮಾತು ಒಂದೊಂದೇ ಅಕ್ಷರವಾಗಿ ಮೂಡುವ ಪರಿಣಾಮ ಬೇಕಾದರೆ ಇನ್ನೊಂದು ಎಚ್ಚರ. ಗೊಡೋದಲ್ಲಿ ಕಾಣುವ ಅಕ್ಷರಗಳ ವರ್ತನೆ ಅಂತ ಒಂದು ಆಯ್ಕೆ ಇದೆ. ಮೊದಲಿಗೆ ಅದು ಜೋಡಣೆಗೆ ಮುಂಚೆ ಕತ್ತರಿಸುತ್ತದೆ, ಹಾಗಾಗಿ "ಸ್ತ್ರೀ" ಮೂಡುವಾಗ ಸ, ಸ್, ಸ್ತ, ಸ್ತ್ ಅಂತ ಆಕಾರ ಕುಣಿಯುತ್ತದೆ, ಉದ್ದ ಪದ ಅರ್ಧ ಮೂಡಿ ಮುಂದಿನ ಸಾಲಿಗೆ ಹಾರುತ್ತದೆ. ಜೋಡಣೆಯ ನಂತರ ಅನ್ನುವ ಆಯ್ಕೆಗೆ ಬದಲಿಸಿದರೆ ಎರಡೂ ನಿಲ್ಲುತ್ತವೆ.

ಪಾತ್ರ ಮೇಜಿನ ಹಿಂದೆ ನಿಲ್ಲಬೇಕಾದಲ್ಲಿ ಮೇಜಿನ ಮೇಲೆ ನಿಂತಂತೆ ಕಂಡರೆ ಆ ವಸ್ತುವಿನ ಬೇಸ್‌ಲೈನ್ ತಪ್ಪಿದೆ. ಅದು ವಸ್ತು ನೆಲ ಮುಟ್ಟುವ ಗೆರೆಯಲ್ಲಿರಬೇಕು, ಚಿತ್ರದ ನಡುವಿನಲ್ಲಲ್ಲ. ಫೋನಿಗೂ ಕೊಡುವುದಾದರೆ ಬೆರಳಿಗೆ ಮೌಸಿನಂತೆ ಸುಮ್ಮನೆ ಮೇಲೆ ಆಡಿಸಿ ಹೆಸರು ನೋಡುವ ಸೌಕರ್ಯ ಇಲ್ಲ. ಒತ್ತಿದರೆ ಎಲ್ಲ ವಸ್ತುಗಳೂ ಹೊಳೆಯುವ ಒಂದು ಗುಂಡಿ ಇಡಿ.

ಗುಮ್ಮಟ_ಸುತ್ತು (ವಿಜಯಪುರ)

ತಂತ್ರಾಂಶದ ಮಾತು ಮುಗಿಯಿತು, ಒಗಟಿನ ಮಾತಿಗೆ ಬರುತ್ತೇನೆ. ಗೋಳಗುಮ್ಮಟದಂಥ ಜಾಗ ಇಟ್ಟುಕೊಂಡು, ಅಲ್ಲಿ ಎಲ್ಲಾದರೂ ಒಂದು ಬೀಗ, ಒಂದು ಕೀಲಿ ಇಟ್ಟರೆ ಆ ಜಾಗ ವ್ಯರ್ಥ. ಕಟ್ಟಡ ಏನು ಮಾಡುತ್ತದೋ ಅದೇ ಒಗಟಾಗಬೇಕು. 1656ರಲ್ಲಿ ಮುಗಿದ ಈ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಒಳಗಿನ ಸುತ್ತು ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕೇಳುತ್ತದೆ; ಜೋರಾಗಿ ಕೂಗಿದರೆ ಪ್ರತಿಧ್ವನಿ ಮೇಲಿಂದ ಮೇಲೆ ಬಂದು ಮಾತು ಕಲಸಿಹೋಗುತ್ತದೆ. ಒಂದೇ ಗೋಡೆ ಪಿಸುಮಾತನ್ನು ಒಯ್ಯುತ್ತದೆ, ಗದ್ದಲವನ್ನು ಕೆಡಿಸುತ್ತದೆ. ಒಗಟು ಇಲ್ಲೇ ಇದೆ.

ಒಗಟನ್ನು ಕೊನೆಯಿಂದ ಹಿಂದಕ್ಕೆ ಬರೆಯಬೇಕು. ರಾನ್ ಗಿಲ್ಬರ್ಟ್ ಇದನ್ನೇ ಅವಲಂಬನೆಯ ನಕ್ಷೆ ಅನ್ನುತ್ತಾರೆ. ಹಾಳೆಯ ಕೆಳತುದಿಯಲ್ಲಿ ಗುರಿ ಬರೆಯಿರಿ: ಇಬ್ಬರು ಪಿಸುಗುಟ್ಟುವ ಗುಟ್ಟನ್ನು ಕೇಳಿಸಿಕೊಳ್ಳಬೇಕು. ಅದಕ್ಕೆ ಏನು ಬೇಕು? ಎರಡು: ಸರಿಯಾದ ಜಾಗದಲ್ಲಿ ನಿಲ್ಲಬೇಕು, ಮೊಗಸಾಲೆ ಮೌನವಾಗಿರಬೇಕು. ಮೌನ ಯಾಕಿಲ್ಲ? ಪ್ರವಾಸಕ್ಕೆ ಬಂದ ಸಾಲಿ ಮಕ್ಕಳು ಕೂಗುತ್ತಿದ್ದಾರೆ. ಅವರು ಇಳಿಯುವುದು ಮಾಸ್ತರರ ಸೀಟಿಗೆ ಮಾತ್ರ, ಆ ಸೀಟಿ ಕಳೆದಿದೆ. ಸೀಟಿ ಹೊರಗಿನ ಕಬ್ಬಿನ ಹಾಲಿನ ಅಂಗಡಿಯಲ್ಲಿದೆ. ಅಂಗಡಿಯವ ಯಾವ ಸಾಲಿಯದು ಅಂತ ಸರಿಯಾಗಿ ಹೇಳಿದವರಿಗಷ್ಟೇ ಕೊಡುತ್ತಾನೆ. ಸಾಲಿಯ ಹೆಸರು ಬಸ್ಸಿನ ಮುಂದಿನ ಬ್ಯಾನರ್ ಮೇಲಿದೆ. ಇದು ಒಂದು ಸರಪಳಿ. ಇನ್ನೊಂದು, ಎಲ್ಲಿ ನಿಲ್ಲಬೇಕು ಅನ್ನುವುದು: ಗೈಡ್ ಒಬ್ಬ ಗೋಡೆಯ ಬಳಿ ಕಾಗದ ಹರಿದು ತೋರಿಸುವ ದೃಶ್ಯವನ್ನು ಮೊದಲ ಸಲ ಮೇಲೆ ಹೋದಾಗಲೇ ಇಡಿ. ಎರಡು ಸರಪಳಿ ಅಕ್ಕಪಕ್ಕ ಇದ್ದರೆ ಒಂದರಲ್ಲಿ ಸಿಕ್ಕಿಕೊಂಡವರು ಇನ್ನೊಂದರಲ್ಲಿ ಕೈಯಾಡಿಸಬಹುದು. ಒಂದೇ ಉದ್ದ ಸರಪಳಿಯಾದರೆ ಒಂದು ಕೊಂಡಿ ತಿಳಿಯದ ಮಗು ಅಲ್ಲೇ ಆಟ ಮುಚ್ಚುತ್ತದೆ.

ಇದರಲ್ಲಿ ಕೆಡುವ ಜಾಗ ಎರಡು. ಆಟಗಾರ ಗುಮ್ಮಟ ಹತ್ತುವ ಮೊದಲೇ ಅಂಗಡಿಗೆ ಹೋದರೆ ಸೀಟಿ ಯಾಕೆ ಬೇಕೆಂದೇ ತಿಳಿಯದೆ ಕೈಗೆ ಬರುತ್ತದೆ, ಒಗಟಿನ ಸ್ವಾರಸ್ಯ ಸತ್ತಿತು. ಸೀಟಿ ಕೊಕ್ಕೆಗೆ ನೇತಾಡುವುದು ಕಾಣಲಿ, ಆದರೆ ಅದರ ಬಗ್ಗೆ ಕೇಳುವ ಮಾತಿನ ಆಯ್ಕೆ ಮಾಸ್ತರರ ಪೇಚಾಟ ನೋಡಿದ ಮೇಲಷ್ಟೇ ತೆರೆಯಲಿ. ಎರಡನೆಯದು ತಪ್ಪು ಉತ್ತರದ ಪ್ರತಿಕ್ರಿಯೆ. ಮೊಗಸಾಲೆಯಲ್ಲಿ 8 ನಿಲ್ಲುವ ಜಾಗ ಇಟ್ಟರೆ ನೇರ ಎದುರಿನದು 1, ಅದರ ಅಕ್ಕಪಕ್ಕ 2, ಉಳಿದವು 5. ಎಲ್ಲ ತಪ್ಪು ಜಾಗಕ್ಕೂ "ಏನೂ ಕೇಳಿಸುತ್ತಿಲ್ಲ" ಅಂದರೆ ಆಟಗಾರ ಉಪಾಯವನ್ನೇ ಕೈಬಿಡುತ್ತಾನೆ. ಅಕ್ಕಪಕ್ಕದ ಎರಡರಲ್ಲಿ "ಮಾತು ಕಿವಿಗೆ ಬೀಳ್ತದ, ಪದ ಹಿಡಿಯಾಕ ಆಗವಲ್ಲದು" ಅನ್ನಿಸಿ. ಉಪಾಯ ಸರಿ, ಜಾಗ ಮಾತ್ರ ತುಸು ತಪ್ಪು ಅನ್ನುವುದು ಆ ಒಂದು ಸಾಲಿನಿಂದ ತಲುಪುತ್ತದೆ.

ದೃಶ್ಯ ಐದು ಸಾಕು: ಹೊರ ಬಾಗಿಲು ಮತ್ತು ಅಂಗಡಿ, ನಗಾರಖಾನೆಯ ಮ್ಯೂಸಿಯಂ ಮುಂದಿನ ಹುಲ್ಲುಹಾಸು, ಸಮಾಧಿಗಳಿರುವ ಒಳಾಂಗಣ, ಮೂಲೆಯ ಏಳಂತಸ್ತಿನ ಮಿನಾರದ ಮೆಟ್ಟಿಲು, ಮೇಲಿನ ಮೊಗಸಾಲೆ.

ನವನಗರ_ಪಿಕ್ಸೆಲ್ (ಬಾಗಲಕೋಟೆ)

ಐದು ದೃಶ್ಯಕ್ಕೂ ಬರೆಯುವ ಕೆಲಸ ಎಷ್ಟು ಅನ್ನುವ ಲೆಕ್ಕ ಮೊದಲೇ ಹಾಕಿಕೊಳ್ಳಿ. ಒಂದು ದೃಶ್ಯಕ್ಕೆ 5 ಒತ್ತುವ ಜಾಗ ಅಂದರೆ 25. ಪ್ರತಿಯೊಂದಕ್ಕೂ ನೋಡಿದಾಗ ಒಂದು, ಮುಟ್ಟಿದಾಗ ಒಂದು, ಅಲ್ಲಿಗೆ 50 ಮಾತು. ಚೀಲದಲ್ಲಿ 6 ವಸ್ತು ಇದ್ದರೆ ವಸ್ತು ಮತ್ತು ಜಾಗದ ಜೋಡಿ 150. ಅಷ್ಟೂ ಬರೆಯಬೇಕಿಲ್ಲ, ಆದರೆ ಬುದ್ಧಿವಂತ ಮಗು ಪ್ರಯತ್ನಿಸಬಹುದಾದ ಮೂವತ್ತು ನಲವತ್ತಕ್ಕಾದರೂ ಪ್ರತ್ಯೇಕ ಉತ್ತರ ಇರಲಿ. ಸೀಟಿಯನ್ನು ಮಾಸ್ತರರಿಗೆ ಕೊಡದೆ ತಾನೇ ಊದಿದರೆ ಏನಾಗಬೇಕು? ಖಂಡಿತ ಯಾರಾದರೂ ಊದಿ ನೋಡುತ್ತಾರೆ. ಅಲ್ಲಿ "ಅದು ಆಗುವುದಿಲ್ಲ" ಅಂತ ಬಂದರೆ ಆಟದ ಮೇಲಿನ ನಂಬಿಕೆ ಹೋಗುತ್ತದೆ. ಗುಮ್ಮಟದ ತುಂಬ ಸೀಟಿ ಮೊಳಗಿ, ಮಕ್ಕಳು ಒಮ್ಮೆ ಗಕ್ಕನೆ ನಿಂತು, ಊದಿದ್ದು ಮಾಸ್ತರರಲ್ಲ ಅಂತ ತಿಳಿದು ಮತ್ತೆ ಕೂಗತೊಡಗಿದರೆ ಅದು ಉತ್ತರವೂ ಹೌದು, ಸುಳಿವೂ ಹೌದು.

ಚಿತ್ರ ಬರೆಯುವ ಮೊದಲು ಬೂದು ಬಣ್ಣದ ಚೌಕಗಳನ್ನೇ ಇಟ್ಟು ಇಡೀ ಆಟ ಕೊನೆಯ ತನಕ ಆಡುವಂತೆ ಮಾಡಿ, ಏನೂ ಗೊತ್ತಿಲ್ಲದ ಮೂರು ನಾಲ್ಕು ಮಂದಿಗೆ ಕೊಡಿ, ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತು ಅವರು ಯಾವ ವಸ್ತುವನ್ನು ಎಲ್ಲಿ ಪ್ರಯೋಗಿಸಿದರು ಅಂತ ಬರೆದುಕೊಳ್ಳಿ. ಇಬ್ಬರು ಒಂದೇ ತಪ್ಪು ಮಾಡಿದರೆ ಆ ಜೋಡಿಗೆ ಮೊದಲು ಉತ್ತರ ಬರೆಯಿರಿ. ಚಿತ್ರ ಮುಗಿದ ಮೇಲೆ ಒಗಟು ಬದಲಿಸಬೇಕಾಗಿ ಬಂದರೆ ಹೊಸ ಹಿನ್ನೆಲೆ, ಹೊಸ ನಡೆಯುವ ಪ್ರದೇಶ, ಬೇಸ್‌ಲೈನ್ ಎಲ್ಲವನ್ನೂ ಮತ್ತೆ ಎಳೆಯಬೇಕಾಗುತ್ತದೆ.